ಹುಟ್ಟಿದ ಊರು: ಮುಂಡಗೋಡ

ಅಮೆರಿಕದಲ್ಲಿ ರಾಜಕೀಯ ಆಶ್ರಯ ಕೇಳಿದ್ದ ಗೆಳತಿಯೊಬ್ಬಳಿಗೆ ನಾನು ಶಿರಸಿಯಲ್ಲಿ ಕೂತು ಒಂದು ಅಫಿಡವಿಟ್ ಬರೆದುಕೊಟ್ಟಿದ್ದೆ. ಎರಡೇ ಪುಟ. ಆದರೆ ಅದನ್ನು ಬರೆದು ಮುಗಿಸುವ ಹೊತ್ತಿಗೆ, ನಮ್ಮ ಜಿಲ್ಲೆಯ ಬಗ್ಗೆ ನನಗಿದ್ದ ಒಂದು ಹೆಮ್ಮೆಯನ್ನು ಮತ್ತೊಮ್ಮೆ ಕೂತು ಯೋಚಿಸಬೇಕಾಯಿತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಅವಳ ಅಪ್ಪ ಅಮ್ಮ ಈಗಲೂ ಟಿಬೆಟ್‌ನಲ್ಲೇ ಇದ್ದಾರೆ. ಹಾಗಾಗಿ ಅವರ ಊರನ್ನೂ ಹೇಳುವುದಿಲ್ಲ.

ಹೆಮ್ಮೆ ಯಾವುದು ಅಂದರೆ, ಉತ್ತರ ಕನ್ನಡ ಓಡಿ ಬಂದವರನ್ನು ಉಳಿಸಿಕೊಂಡ ಜಿಲ್ಲೆ ಅನ್ನುವುದು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧಾರ್ಮಿಕ ವಿಚಾರಣೆ, ಶುರುವಾದ ಮೇಲೆ ಎಷ್ಟೋ ಕೊಂಕಣಿ ಮನೆತನಗಳು ದೇವರ ಮೂರ್ತಿ ಹೊತ್ತುಕೊಂಡು ಈ ಕಡೆ ಬಂದವು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಪೇಟೆಗಳಲ್ಲಿ ಈ ಕತೆ ಹೇಳುವ ಮನೆಗಳು ಇವತ್ತಿಗೂ ಇವೆ. ಪೋರ್ಚುಗೀಸರು ಗುಲಾಮರಾಗಿ ತಂದಿದ್ದ ಆಫ್ರಿಕಾದ ಜನರಲ್ಲಿ ತಪ್ಪಿಸಿಕೊಂಡು ಬಂದವರು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಇವತ್ತಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು. ಸಿದ್ದಿಗಳನ್ನು ನಾವು ಹೇಗೆ ನಡೆಸಿಕೊಂಡೆವು ಅನ್ನುವುದು ಬೇರೆಯೇ ಮಾತು. ನಮ್ಮ ಜಿಲ್ಲೆಯಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದನ್ನು ಬರೆಯಲು ಹೋದರೆ ಈ ಬರಹ ಮುಗಿಯುವುದಿಲ್ಲ.

ಆಮೇಲೆ ಬಂದವರು ಟಿಬೆಟ್‌ನವರು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಇಷ್ಟು ಜನರನ್ನು ಎಲ್ಲಿಡುವುದು ಅಂತ ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಆಗಿನ ಮೈಸೂರು ರಾಜ್ಯ. ಮೊದಲು ಬೈಲಕುಪ್ಪೆ. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡ. ಕಾಡು ಕಡಿದು, ಶೆಡ್ ಹಾಕಿಕೊಂಡು, ಆ ಜನ ಗೋವಿನಜೋಳ ಬೆಳೆದರು. ಬಂಗಾಳದ ಬಕ್ಸಾದಲ್ಲಿ ಹಳೆಯ ಬ್ರಿಟಿಷ್ ಜೈಲಿನೊಳಗೆ ದಿನ ಕಳೆಯುತ್ತಿದ್ದ ಸನ್ಯಾಸಿಗಳು ಕೆಲವು ವರ್ಷಗಳ ನಂತರ ಇಲ್ಲಿಗೆ ಬಂದು ಡ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿದರು. ಲಾಸಾದ ಹತ್ತಿರ ಇದ್ದ ಮಠಗಳು ಹೀಗೆ ನಮ್ಮ ಜಿಲ್ಲೆಗೆ ಬಂದವು.

ಶಿರಸಿಯವರಾದ ನಮಗೆ ಮುಂಡಗೋಡದ ಈ ಟಿಬೆಟನ್ ಕ್ಯಾಂಪ್ ಅಂದರೆ ಭಾನುವಾರ ನೆಂಟರನ್ನು ಕರೆದುಕೊಂಡು ಹೋಗುವ ಜಾಗ. ಬಂಗಾರದ ಬಣ್ಣದ ಬುದ್ಧ, ಮೊಮೊ, ಅಗ್ಗದ ಬ್ಯಾಗು. ಚಳಿಗಾಲಕ್ಕೆ ಸ್ವೆಟರ್ ಮಾರುತ್ತಾ ಊರೂರು ತಿರುಗುವ ಅಜ್ಜಿಯರು ಉತ್ತರ ಕರ್ನಾಟಕದ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದರು. 'ಅವರು ನಮ್ಮವರೇ ಆಗಿಬಿಟ್ಟಿದ್ದಾರೆ' ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆ ಮಾತಿನಲ್ಲಿ ಸುಳ್ಳಿಲ್ಲ, ಪ್ರೀತಿಯಿದೆ.

ನನ್ನ ಗೆಳತಿ ಪಿಯುಸಿಗೆ ಶಿರಸಿಗೆ ಬಂದಳು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ. ಅವಳ ಎಡಗಾಲಿನ ಎರಡು ಬೆರಳುಗಳ ತುದಿ ಇರಲಿಲ್ಲ. ಶಿರಸಿಯ ಮಳೆಗಾಲದಲ್ಲಿ ಎಲ್ಲರೂ ಚಪ್ಪಲಿ ಹಾಕಿ ತಿರುಗಿದರೆ ಇವಳು ಒದ್ದೆಯಾದರೂ ಸರಿ ಅಂತ ಶೂ ಹಾಕುತ್ತಿದ್ದಳು. ಒಂದು ರಾತ್ರಿ ಕಾಲು ಒರೆಸಿಕೊಳ್ಳುವಾಗ ನೋಡಿಬಿಟ್ಟೆ. 'ಹಿಮ ತಿಂದಿತು' ಅಂದಳು, ಅಷ್ಟೇ. ನಾನು ಮತ್ತೆ ಕೇಳಲಿಲ್ಲ. ಇನ್ನೊಂದು ವಿಷಯ ನೆನಪಿದೆ. ಕ್ಯಾಂಪಿನಿಂದ ಬಂದಿದ್ದ ಬೇರೆ ಹುಡುಗಿಯರು ಅವಳ ಮಾತು ಕೇಳಿ ಆಗಾಗ ನಗುತ್ತಿದ್ದರು. ಅವಳದು ಪೂರ್ವ ಟಿಬೆಟ್‌ನ ಖಾಮ್ ಕಡೆಯ ಮಾತು, ಇಲ್ಲಿ ಹುಟ್ಟಿ ಬೆಳೆದವರ ಮಾತಿನ ಧಾಟಿಯೇ ಬೇರೆ ಅಂತ ಅವರೇ ಹೇಳಿದ್ದರು.

ಈ ಎರಡು ಸಣ್ಣ ಸಂಗತಿಗಳು ಮುಂದೆ ಒಂದು ದಿನ ಸಾಕ್ಷಿ ಆಗುತ್ತವೆ ಅಂತ ಯಾರಿಗೆ ಗೊತ್ತಿತ್ತು!

ಟಿಬೆಟ್‌ನವರಿಗೆ ಭಾರತ ಸರ್ಕಾರ ಒಂದು ಪುಸ್ತಕ ಕೊಡುತ್ತದೆ. ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಎಲ್ಲರ ಬಾಯಲ್ಲಿ 'ಆರ್‌ಸಿ'. ಫೋಟೋ, ಹೆಸರು, ಹುಟ್ಟಿದ ತಾರೀಕು, ಹುಟ್ಟಿದ ಊರು, ಆಮೇಲೆ ನವೀಕರಣದ ಸೀಲುಗಳು. ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯವೊಂದಿದೆ. ಭಾರತದಲ್ಲಿ ನಿರಾಶ್ರಿತರಿಗೆ ಅಂತಲೇ ಒಂದು ಕಾನೂನು ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, 1967ರ ಪ್ರೋಟೊಕಾಲ್‌ಗೂ ಹಾಕಿಲ್ಲ. ಬಂದವರನ್ನು ನಾವು ಇಟ್ಟುಕೊಂಡಿದ್ದೇವೆ. ಅದು ಆಯಾ ಸರ್ಕಾರದ ಮನಸ್ಸು, ಅವರ ಹಕ್ಕು ಅಲ್ಲ.

ನನ್ನ ಗೆಳತಿಯ ಆರ್‌ಸಿಯಲ್ಲಿ ಹುಟ್ಟಿದ ಊರು ಮುಂಡಗೋಡ ಅಂತಿದೆ. ಅವಳು ಹುಟ್ಟಿದ್ದು ಅಲ್ಲಲ್ಲ. ಎಂಟು ವರ್ಷದವಳಿದ್ದಾಗ, 1997ರ ಚಳಿಗಾಲದಲ್ಲಿ, ನಾಂಗ್ಪಾ ಲಾ ಕಣಿವೆ ದಾಟಿ ನೇಪಾಳಕ್ಕೆ ಬಂದವಳು. ಆದರೆ ಆ ವರ್ಷಗಳಲ್ಲಿ ಹೊಸದಾಗಿ ಬಂದವರಿಗೆ ಆರ್‌ಸಿ ಸಿಗುವುದು ಬಹಳ ಕಷ್ಟವಿತ್ತು. ಅದಿಲ್ಲದಿದ್ದರೆ ಪೊಲೀಸರ ಭಯ, ಪರೀಕ್ಷೆಗೆ ಕೂರಲೂ ತೊಂದರೆ. ಹಾಗಾಗಿ ಎಷ್ಟೋ ಮಕ್ಕಳ ಆರ್‌ಸಿಯಲ್ಲಿ ಹಿರಿಯರು ಇಲ್ಲೇ ಹುಟ್ಟಿದ್ದು ಅಂತ ಬರೆಸಿಬಿಟ್ಟರು. ನಮ್ಮ ಅಜ್ಜ ಅಜ್ಜಿಯರಿಗೆಲ್ಲ ಶಾಲೆಯ ಮಾಸ್ತರರು ಜೂನ್ 1 ಅಂತ ಹುಟ್ಟಿದ ದಿನ ಬರೆದ ಹಾಗೆ. ನಮಗೆ ಆ ಜೂನ್ 1ರಿಂದ ಏನೂ ಆಗಲಿಲ್ಲ. ಅವಳಿಗೆ ಆ ಒಂದು ಸಾಲು ಎಲ್ಲಿಯವರೆಗೆ ಬೆನ್ನು ಹತ್ತಿತು ನೋಡಿ.

2015ರಲ್ಲಿ ಅವಳಿಗೆ ಅಮೆರಿಕಕ್ಕೆ ಹೋಗುವ ಅವಕಾಶ ಬಂತು. ಟಿಬೆಟ್‌ನವರಿಗೆ ಪಾಸ್‌ಪೋರ್ಟ್ ಇಲ್ಲ, ಅದರ ಬದಲು ಹಳದಿ ಬಣ್ಣದ ಐಡೆಂಟಿಟಿ ಸರ್ಟಿಫಿಕೇಟ್. ಅದರ ಮೇಲೆ ವೀಸಾ. ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇರೆ ಬೇಕು, ಅದಕ್ಕೆ ಕಾರವಾರಕ್ಕೆ ಹೋಗಬೇಕು. ಮುಂಡಗೋಡದಿಂದ ಬಂದವಳ ಜೊತೆ ಶಿರಸಿಯಲ್ಲಿ ನಾನೂ ಬಸ್ ಹತ್ತಿದೆ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ. ಕಚೇರಿಯಲ್ಲಿ ಕಡತ ನೋಡುತ್ತಿದ್ದವರು ತಲೆ ಎತ್ತದೆ, 'ಹುಟ್ಟಿದ್ದು ಎಲ್ಲಿ?' ಅಂದರು. 'ಮುಂಡಗೋಡ' ಅಂದಳು. ಒಂದಿಷ್ಟೂ ತಡವರಿಸದ ಕನ್ನಡ. ಅವರು ಖುಷಿಯಿಂದ, 'ಅರೇ, ನಮ್ಮ ಜಿಲ್ಲೆಯವರೇ!' ಅಂದರು.

ಕೆಲಸ ಮುಗಿದ ಮೇಲೆ ಟ್ಯಾಗೋರ್ ಬೀಚಿನಲ್ಲಿ ಕೂತೆವು. ಮರಳಿನ ಮೇಲೆ ಶೂ ಬಿಚ್ಚಿ ಇಟ್ಟಳು. ನಡೆದು ಬಂದ ಕತೆಯನ್ನು ಅವಳು ಪೂರ್ತಿ ಹೇಳಿದ್ದು ಅವತ್ತೇ. ಹಗಲು ಬಂಡೆಯ ಮರೆಯಲ್ಲಿ ಮಲಗುವುದು, ರಾತ್ರಿ ನಡೆಯುವುದು. ಚೀಲದಲ್ಲಿ ತ್ಸಂಪಾ ಹಿಟ್ಟು, ಕುಡಿಯಲು ಹಿಮ ಕರಗಿಸಿದ ನೀರು. ಆ ಕಣಿವೆ 5700 ಮೀಟರ್ ಎತ್ತರದಲ್ಲಿದೆ. ನಮ್ಮ ಘಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಲೆಕ್ಕಕ್ಕೆ ಸಿಗುವುದಿಲ್ಲ. ಕರೆದುಕೊಂಡು ಬಂದ ದಾರಿಗಾರ ಒಂದು ಕಡೆ ಅವಳನ್ನು ಹೆಗಲ ಮೇಲೆ ಹೊತ್ತನಂತೆ. ಅವಳ ಚಿಕ್ಕಪ್ಪ ಟಿಬೆಟ್‌ನ ಒಂದು ಮಠದಲ್ಲಿ ಸನ್ಯಾಸಿ. 1996ರಲ್ಲಿ ಅಲ್ಲಿ ದಲೈ ಲಾಮಾ ಫೋಟೋ ಇಡುವಂತಿಲ್ಲ ಅಂತಾಯಿತು. ಸನ್ಯಾಸಿಗಳು ಅವರನ್ನು ಖಂಡಿಸಿ ಸಹಿ ಹಾಕಬೇಕು ಅಂತ ಮಠ ಮಠಗಳಲ್ಲಿ ಪಾಠ ಶುರುವಾಯಿತು. ಚಿಕ್ಕಪ್ಪ ಹಾಕಲಿಲ್ಲ. ಜೈಲಿಗೆ ಹೋದರು. ಮನೆ ಶೋಧಕ್ಕೆ ಬಂದವರಿಗೆ ಹಾಸಿಗೆಯ ಕೆಳಗೆ ಒಂದು ಫೋಟೋ ಸಿಕ್ಕಿತು. ಅದಾದ ಮೇಲೆಯೇ ಅಪ್ಪ ಮಗಳನ್ನು ಕಳಿಸುವ ಮನಸ್ಸು ಮಾಡಿದ್ದು.

ಅಮೆರಿಕಕ್ಕೆ ಹೋದವಳು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಟಿಬೆಟ್‌ನವರು ಜಾಸ್ತಿ ಇರುವ ಜಾಕ್ಸನ್ ಹೈಟ್ಸ್ ಬಳಿ ಉಳಿದಳು. 2016ರಲ್ಲಿ ಆಶ್ರಯಕ್ಕೆ ಅರ್ಜಿ ಹಾಕಿದಳು.

ಇಲ್ಲಿ ಕೆಲವರು ಅದನ್ನು ಕೇಳಿ, 'ಹೋ, ಅಲ್ಲಿ ಸೆಟಲ್ ಆಗಲು ಒಳ್ಳೆ ದಾರಿ' ಅಂದರು. ನನಗೆ ಆ ಮಾತು ಸಹಿಸಲು ಆಗುವುದಿಲ್ಲ. ಭಟ್ಕಳದಿಂದ ದುಬೈಗೆ ಹೋದವರು ದುಡಿದು ಹಬ್ಬಕ್ಕೆ ಮನೆಗೆ ಬರುತ್ತಾರೆ. ಅದೂ ಕಷ್ಟದ ಬದುಕೇ, ಆದರೆ ಹಿಂದೆ ಒಂದು ಮನೆಯ ಬಾಗಿಲು ತೆರೆದೇ ಇರುತ್ತದೆ. ಆಶ್ರಯ ಕೇಳುವವರು ಆ ಬಾಗಿಲು ಮುಚ್ಚಿದೆ ಅಂತ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಹೇಳಬೇಕು. ಬಡತನ ಅಂತ ಹೇಳಿದರೆ ಆಶ್ರಯ ಸಿಗುವುದಿಲ್ಲ. ಕೆಲಸ ಇಲ್ಲ ಅಂದರೂ ಸಿಗುವುದಿಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿದವರು ಅನ್ನುವುದು, ಇಲ್ಲವೇ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ತನಗೆ ಹಿಂಸೆ ಆಗಿದೆ ಅಥವಾ ಆಗುವ ಭಯವಿದೆ ಅಂತ ತೋರಿಸಬೇಕು. ದೇಶಕ್ಕೆ ಕಾಲಿಟ್ಟ ಒಂದು ವರ್ಷದೊಳಗೆ ಐ-589 ಅನ್ನುವ ಅರ್ಜಿ ಹಾಕಬೇಕು. ತಡವಾದರೆ, ತಡವಾದದ್ದಕ್ಕೆ ಗಟ್ಟಿ ಕಾರಣ ಕೊಡಬೇಕು. ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಅವಳಿಗೆ ದುಡ್ಡು ತೆಗೆದುಕೊಳ್ಳದೆ ಕೇಸು ನಡೆಸುವ ವಕೀಲೆಯೊಬ್ಬರು ಸಿಕ್ಕಿದ್ದು ಪುಣ್ಯ.

ಅರ್ಜಿ ಹಾಕಿದ ತಕ್ಷಣ ಕೆಲಸ ಮಾಡುವಂತೆಯೂ ಇರಲಿಲ್ಲ. ಆಗಿನ ನಿಯಮದ ಪ್ರಕಾರ 150 ದಿನ ಕಳೆದ ಮೇಲೆ ವರ್ಕ್ ಪರ್ಮಿಟ್ ಕೇಳಬಹುದು, 180 ದಿನಕ್ಕೆ ಮೊದಲು ಸಿಗುವುದಿಲ್ಲ. ಅಷ್ಟು ದಿನ ಗುರುತಿನವರ ಮನೆಯ ಹಾಲ್‌ನಲ್ಲಿ ಹಾಸಿಗೆ. ಆಮೇಲೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದಳು.

ಅರ್ಜಿಯ ಜೊತೆ ಕೊಡಬೇಕಾದ ಹೇಳಿಕೆ ಬರೆಯುವುದೇ ದೊಡ್ಡ ಕೆಲಸ. ಬದುಕನ್ನು ತಾರೀಕಿನ ಪ್ರಕಾರ ಜೋಡಿಸಬೇಕು. ಎಂಟು ವರ್ಷದ ಮಗು ತಾರೀಕು ಇಟ್ಟುಕೊಂಡು ಹಿಮದಲ್ಲಿ ನಡೆಯುತ್ತದಾ? ಅವಳ ಅಮ್ಮ ಹೇಳಿದ್ದು ಟಿಬೆಟ್ ಪಂಚಾಂಗದ ತಿಂಗಳು. ಅವರಲ್ಲಿ ಲೋಸಾರ್, ಅಂದರೆ ಹೊಸ ವರ್ಷ, ಬಂದರೆ ಎಲ್ಲರ ವಯಸ್ಸಿಗೂ ಒಂದು ಸೇರುತ್ತದೆ. ಹೀಗಾಗಿ ಅವಳು ಬಾಯಲ್ಲಿ ಹೇಳುವ ವಯಸ್ಸು, ಆರ್‌ಸಿಯ ವಯಸ್ಸು ಎರಡೂ ತಾಳೆ ಆಗುವುದಿಲ್ಲ. ನಮಗೆ ಇದೇನು ಮಹಾ ಅನ್ನಿಸಬಹುದು. ಆದರೆ 2005ರ ರಿಯಲ್ ಐಡಿ ಕಾಯ್ದೆ ಬಂದ ಮೇಲೆ ಅಲ್ಲಿನ ಅಧಿಕಾರಿ ಮುಖ್ಯ ವಿಷಯಕ್ಕೆ ಸಂಬಂಧವೇ ಇಲ್ಲದ ಸಣ್ಣ ವ್ಯತ್ಯಾಸವನ್ನೂ ಹಿಡಿದು 'ನಂಬುವುದಿಲ್ಲ' ಅನ್ನಬಹುದು. ಮಾತಿನ ಧಾಟಿ, ಮುಖಭಾವ ಕೂಡ ಲೆಕ್ಕಕ್ಕೆ ಬರುತ್ತದೆ. ಭಯದ ಪ್ರಮಾಣದ ಬಗ್ಗೆ ಮಾತ್ರ ಆ ಕಾನೂನು ಉದಾರವಾಗಿದೆ. ಹಿಂಸೆ ಆಗುವ ಸಾಧ್ಯತೆ ಹತ್ತರಲ್ಲಿ ಒಂದು ಪಾಲು ಇದ್ದರೂ ಆ ಭಯಕ್ಕೆ ಆಧಾರ ಇರಬಹುದು ಅಂತ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ಓದಿದಾಗ ನನಗೆ ಸಮಾಧಾನ ಆಯಿತು. ಆದರೆ ಅಲ್ಲಿಯವರೆಗೆ ತಲುಪಬೇಕಾದರೆ ಮೊದಲು ಅವಳ ಮಾತನ್ನು ನಂಬಬೇಕಲ್ಲ.

ನಂಬಿಕೆಗೆ ಅಡ್ಡ ಬಂದದ್ದು ಅದೇ ಸಾಲು. ಚೀನಾದಲ್ಲಿ ಹುಟ್ಟಿ ಅಲ್ಲಿಂದ ಓಡಿ ಬಂದೆ ಅಂತ ಅವಳ ಹೇಳಿಕೆ. ಹುಟ್ಟಿದ್ದು ಭಾರತದಲ್ಲಿ ಅಂತ ಸರ್ಕಾರಿ ಸೀಲಿರುವ ದಾಖಲೆ. ಯಾರು ಯಾವುದನ್ನು ನಂಬುತ್ತಾರೆ?

ಅದಕ್ಕಾಗಿಯೇ ವಕೀಲೆ ನನ್ನನ್ನು ಹುಡುಕಿದ್ದು. ಹಾಸ್ಟೆಲಿನಲ್ಲಿ ನಾನು ಏನು ನೋಡಿದೆ, ಏನು ಕೇಳಿದೆ ಅಂತ ಬರೆದುಕೊಡಬೇಕಿತ್ತು. ಅವಳು ಒಳ್ಳೆಯವಳು, ಓದಿನಲ್ಲಿ ಜಾಣೆ ಅನ್ನುವುದೆಲ್ಲ ಬೇಡ. ಬೆರಳುಗಳನ್ನು ಯಾವ ಬೆಳಕಿನಲ್ಲಿ ನೋಡಿದಿರಿ? ಯಾವ ಕಾಲು? ಅವಳು ಆಗ ಏನಂದಳು, ಯಾವ ಭಾಷೆಯಲ್ಲಿ? ಅವಳ ಮಾತಿಗೆ ನಕ್ಕವರು ಯಾರು, ಯಾಕೆ ನಕ್ಕರು? ಅವರ ಇಮೇಲುಗಳಲ್ಲಿ ಬರೀ ಪ್ರಶ್ನೆ. ನಾನು ಉತ್ತರ ಬರೆಯುತ್ತಾ ಹೋದ ಹಾಗೆ ಆ ಕೋಣೆ, ಒದ್ದೆ ಬಟ್ಟೆಯ ವಾಸನೆ, ನಲವತ್ತು ವಾಟಿನ ಬಲ್ಬು ಎಲ್ಲವೂ ವಾಪಸ್ ಬಂತು. ಅವರಿಗೆ ಬೇಕಾಗಿದ್ದು ಅದೇ. ಬೇರೆ ಯಾರಿಗೂ ಗೊತ್ತಿರಲಾರದ, ಕಣ್ಣಾರೆ ಕಂಡ ಸಣ್ಣ ವಿವರ.

ನಾನು ಕೊನೆಗೆ ಒಂದು ಸಾಲು ಸೇರಿಸಿದ್ದೆ. 'ಅವಳು ನಮ್ಮವಳು, ಮುಂಡಗೋಡವೇ ಅವಳ ಮನೆ' ಅಂತ. ವಕೀಲೆ ಬಹಳ ಸೌಜನ್ಯದಿಂದ, ಇದು ನೀವು ಕಂಡ ಸಂಗತಿ ಅಲ್ಲ, ನಿಮ್ಮ ಭಾವನೆ, ಇದು ಇಲ್ಲಿ ಬೇಡ ಅಂದರು. ಆಮೇಲೆ ಕಾರಣ ವಿವರಿಸಿದರು. ಅಮೆರಿಕಕ್ಕೆ ಬರುವ ಮೊದಲೇ ಇನ್ನೊಂದು ದೇಶದಲ್ಲಿ ಭದ್ರವಾಗಿ ನೆಲೆ ಕಂಡವರಿಗೆ ಅಲ್ಲಿ ಆಶ್ರಯ ಸಿಗುವುದಿಲ್ಲ. ಹಾಗಾಗಿ ಅವಳು ಎರಡು ವಿಷಯ ತೋರಿಸಬೇಕು. ಚೀನಾಕ್ಕೆ ಹೋದರೆ ಅಪಾಯ ಅನ್ನುವುದು ಒಂದು. ಭಾರತ ಅವಳಿಗೆ ಕಾಯಂ ನೆಲೆ ಕೊಟ್ಟಿಲ್ಲ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ವಕೀಲೆ ಬರೆದ ಟಿಪ್ಪಣಿಯನ್ನು ಗೆಳತಿ ನನಗೂ ಕಳಿಸಿದಳು. ಓದಿ ನನಗೆ ಎರಡು ದಿನ ಏನೂ ಬೇಡ ಅನ್ನಿಸಿತ್ತು. ಆರ್‌ಸಿ ಕಾಲಕಾಲಕ್ಕೆ ನವೀಕರಿಸಬೇಕಾದ ಪರವಾನಗಿ, ನವೀಕರಿಸದಿದ್ದರೆ ಇರುವಂತಿಲ್ಲ. ಮತದಾನ ಇಲ್ಲ. ಸರ್ಕಾರಿ ನೌಕರಿ ಇಲ್ಲ. ಸ್ವಂತ ಜಮೀನು ಇಲ್ಲ, ಕ್ಯಾಂಪಿನ ಭೂಮಿ ಸರ್ಕಾರ ಲೀಸಿಗೆ ಕೊಟ್ಟದ್ದು. ಹೊರದೇಶಕ್ಕೆ ಹೋಗಲು ಅನುಮತಿ, ಮರಳಿ ಬರಲೂ ಅನುಮತಿ. ಪೌರತ್ವ ಸಿಗುವ ದಾರಿಯೂ ಅವಳಿಗಿಲ್ಲ. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಹುಟ್ಟಿದವರಿಗೆ ಹುಟ್ಟಿನಿಂದಲೇ ಪೌರತ್ವ ಇದೆ, ಅದು ಟಿಬೆಟ್ ಮೂಲದವರಿಗೂ ಸೇರುತ್ತದೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತ್ತು. ಅವಳ ಆರ್‌ಸಿಯಲ್ಲಿ ಇರುವ ವರ್ಷ 1989. ಆ ಸಾಲನ್ನೇ ನಿಜ ಅಂತ ಇಟ್ಟುಕೊಂಡರೂ ಪ್ರಯೋಜನವಿಲ್ಲ. ಮುಂದೆ ಬಂದ 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲೂ ಟಿಬೆಟ್‌ನವರ ಹೆಸರಿಲ್ಲ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಾವು ಐವತ್ತು ವರ್ಷದಿಂದ 'ನಮ್ಮವರು' ಅನ್ನುತ್ತಾ ಬಂದಿದ್ದೇವೆ, ಆದರೆ ಅದನ್ನು ಕಾಗದದ ಮೇಲೆ ಬರೆದುಕೊಟ್ಟಿಲ್ಲ. ಮುಂಡಗೋಡದ ರೈತರು, ಶಿರಸಿಯ ಅಂಗಡಿಯವರು, ನಮ್ಮ ಹಾಸ್ಟೆಲಿನ ವಾರ್ಡನ್ ಎಲ್ಲರೂ ಅವಳನ್ನು ಮನೆಮಗಳ ಹಾಗೆ ನೋಡಿಕೊಂಡರು. ಅಷ್ಟಾದರೂ ಇಪ್ಪತ್ತು ವರ್ಷದ ಹತ್ತಿರ ಇಲ್ಲಿ ಇದ್ದವಳು ಒಂದು ಸೀಲು ತಪ್ಪಿದರೆ ಅಕ್ರಮ ನಿವಾಸಿ. ಕ್ಯಾಂಪಿನ ಜನ ಈ ವಿಷಯ ನಮ್ಮ ಮುಂದೆ ಎತ್ತುವುದಿಲ್ಲ. ಭಾರತದ ಮೇಲೆ ಅವರಿಗಿರುವ ಕೃತಜ್ಞತೆ ದೊಡ್ಡದು. ಆದರೆ ಕೃತಜ್ಞರಾಗಿಯೇ ಎಷ್ಟು ತಲೆಮಾರು ಬದುಕಬೇಕು? ನಿರಾಶ್ರಿತರಿಗೆ ಒಂದು ಕಾನೂನು ಬೇಕು ಅಂತ ಕೇಳಬೇಕಾದವರು ನಾವು, ಮತ ಹಾಕುವವರು. ನಮ್ಮ ಜಿಲ್ಲೆಯವರಂತೂ ಮೊದಲು ಕೇಳಬೇಕು. ನಮಗೆ ಅವರ ಮುಖ ಗೊತ್ತಿದೆ.

ಅಫಿಡವಿಟ್‌ನಿಂದ ಆ ಸಾಲು ತೆಗೆದೆ. ಶಿರಸಿಯಲ್ಲಿ ನೋಟರಿ ಮಾಡಿಸಿ, ಸ್ಕ್ಯಾನ್ ಮಾಡಿ, ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ಕಳಿಸಿದೆ.

ಆಮೇಲೆ ಕಾಯುವುದು. ಸಂದರ್ಶನಕ್ಕೆ ಹಳೆಯ ಅರ್ಜಿಗಳನ್ನು ಮೊದಲು ಕರೆಯುತ್ತಾರೆ ಅಂತ ಅವಳು ನಂಬಿದ್ದಳು. 2018ರ ಜನವರಿಯಲ್ಲಿ ಅಲ್ಲಿನ ಇಲಾಖೆ ಕ್ರಮವನ್ನೇ ತಿರುಗಿಸಿತು. ಹೊಸ ಅರ್ಜಿಗಳು ಮೊದಲು, ಹಳೆಯವು ಆಮೇಲೆ. ಸುಮ್ನೆ ಕೆಲಸದ ಪರ್ಮಿಟ್ ಸಿಗಲಿ ಅಂತ ಅರ್ಜಿ ಹಾಕುವವರನ್ನು ತಡೆಯುವುದು ಅದರ ಉದ್ದೇಶ ಅಂದರು. ನಿಜವಾದ ಭಯ ಇಟ್ಟುಕೊಂಡು ಕಾಯುತ್ತಿದ್ದವರು ತಳ ಸೇರಿದರು. ಇಂಥ ಬಾಕಿ ಅರ್ಜಿಗಳು ಮುಂದೆ ಹತ್ತು ಲಕ್ಷ ದಾಟಿದವು. ಈ ನಡುವೆ ಕ್ಯಾಂಪಿನಲ್ಲಿ ಅವಳನ್ನು ಸಾಕಿದ ಚಿಕ್ಕಮ್ಮ ತೀರಿಕೊಂಡರು. ಅವಳು ಬರಲಿಲ್ಲ. ಅನುಮತಿ ಪಡೆಯದೆ ಹೊರಟರೆ ಅರ್ಜಿ ಬಿಟ್ಟುಕೊಟ್ಟ ಹಾಗೆ. ಪಡೆದು ಬಂದರೂ ಒಳಗೆ ಬಿಟ್ಟುಕೊಳ್ಳುತ್ತಾರೆ ಅನ್ನುವ ಖಾತ್ರಿಯಿಲ್ಲ. ಬೆಣ್ಣೆಯ ದೀಪ ಹಚ್ಚುವಾಗ ನಾನು ಫೋನ್ ಹಿಡಿದು ನಿಂತಿದ್ದೆ. ಆ ಕಡೆಯಿಂದ ಅವಳ ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಸಂದರ್ಶನಕ್ಕೆ ಕರೆ ಬಂದಿದ್ದು 2022ರಲ್ಲಿ. ಕೋವಿಡ್ ಕಾಲದ ನಿಯಮದಂತೆ ದುಭಾಷಿ ಫೋನಿನ ಆ ಕಡೆ ಇದ್ದರು. ಅಧಿಕಾರಿ ಆರ್‌ಸಿಯ ಸಾಲನ್ನು ಕೇಳಿಯೇ ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರು ಬರೆಸಿದರು, ಯಾಕೆ ಬರೆಸಿದರು, ಅದಿಲ್ಲದಿದ್ದರೆ ಆಗ ಏನಾಗುತ್ತಿತ್ತು. ಆಮೇಲೆ ಬೆರಳಿನ ಬಗ್ಗೆ ಕೇಳಿದರು. ಅವಳು ಶೂ ಬಿಚ್ಚಲು ಬಗ್ಗಿದಳಂತೆ. ಅವರು, ಬೇಡ, ವೈದ್ಯರ ವರದಿ ಇದೆ, ನಿಮ್ಮ ಗೆಳತಿಯ ಪತ್ರವೂ ಇದೆ ಅಂದರಂತೆ. ಮಾರ್ಚ್ 10ರಂದು ನ್ಯೂಯಾರ್ಕಿನಲ್ಲಿ ನಡೆಯುವ ಟಿಬೆಟ್ ಪ್ರತಿಭಟನೆಗಳಲ್ಲಿ ಬಾವುಟ ಹಿಡಿದು ನಿಂತ ಅವಳ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಹೊರಗೆ ಬಂದು ನನಗೆ ಫೋನ್ ಮಾಡಿದಾಗ ಇಲ್ಲಿ ನಡುರಾತ್ರಿ. ಕನ್ನಡದಲ್ಲಿ, 'ಎಲ್ಲಾ ಹೇಳಿದೆ ಕಣೇ' ಅಂದಳು.

ಮರುವರ್ಷ ಆಶ್ರಯ ಮಂಜೂರಾಯಿತು.

ಮಂಜೂರಾದ ಎರಡು ವರ್ಷದೊಳಗೆ ಗಂಡ ಮಕ್ಕಳನ್ನು ಕರೆಸಿಕೊಳ್ಳಲು ಐ-730 ಅನ್ನುವ ಅರ್ಜಿ ಹಾಕಬಹುದು. ಅವಳ ಗಂಡ ಇನ್ನೂ ಮುಂಡಗೋಡದಲ್ಲಿದ್ದಾನೆ. ಅವಳು ಹೊರಡುವ ವರ್ಷ ಕ್ಯಾಂಪಿನಲ್ಲೇ ಮದುವೆಯಾಗಿತ್ತು. ಖತಾ ಅನ್ನುವ ಬಿಳಿ ಶಾಲು ಹಾಕಿ, ಬೆಣ್ಣೆ ಚಹಾ ಕುಡಿಸಿ ಮಾಡಿದ ಮದುವೆ. ನೋಂದಣಿ ಮಾಡಿಸಿದ್ದು ಬಹಳ ತಡವಾಗಿ. ಆ ಮದುವೆ ನಿಜವಾಗಿ ನಡೆದದ್ದು, ಕಾಗದಕ್ಕಾಗಿ ಮಾಡಿಕೊಂಡದ್ದಲ್ಲ ಅಂತ ಈಗ ತೋರಿಸಬೇಕು. ನಾನು ಆ ಮದುವೆಗೆ ಹೋಗಿದ್ದೆ. ವಕೀಲೆಯಿಂದ ಮತ್ತೆ ಪ್ರಶ್ನೆಗಳು ಬಂದಿವೆ. ಮದುವೆಗೆ ಯಾರ್‍ಯಾರು ಬಂದಿದ್ದರು, ನೀವು ಎಲ್ಲಿ ಕೂತಿದ್ದಿರಿ, ಊಟಕ್ಕೆ ಏನಿತ್ತು, ಅವತ್ತು ಮಳೆ ಬಂದಿತ್ತಾ. ಬರೆಯುತ್ತಿದ್ದೇನೆ. ಮುಂದಿನ ವಾರ ಅವನು ಶಿರಸಿಗೆ ಬರುತ್ತಾನೆ, ಹಳೆಯ ಫೋಟೋಗಳ ಲಕೋಟೆ ತರುತ್ತಾನೆ. ಇಬ್ಬರೂ ಕೂತು ಫೋಟೋದಲ್ಲಿರುವ ಒಬ್ಬೊಬ್ಬರ ಹೆಸರನ್ನೂ ಹಿಂದೆ ಬರೆಯಬೇಕಿದೆ.